ಮೊದಲು ಬ್ರೇಕು, ಆಮೇಲೆ ಎಂಜಿನ್ನು

ಕಳೆದ ಭಾನುವಾರ ಬೆಳಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ಪಕ್ಕದ ಮನೆಯ ಹುಡುಗ ಬಂದು ಬಾಗಿಲು ತಟ್ಟಿದ. ಮೈಲಾಪುರದ ನಮ್ಮ ಬೀದಿಯಲ್ಲಿ ಮೂರು ತಲೆಮಾರಿನಿಂದ ಇರುವ ಮಾಧ್ವರ ಮನೆ ಅವರದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಹುಡುಗ ತರಮಣಿಯ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದ್ದಾನೆ. ತಾತ ಬಿಟ್ಟುಹೋದ ಹರ್ಕ್ಯುಲಿಸ್ ಸೈಕಲ್ಲಿಗೆ ಎಂಜಿನ್ ಕೂರಿಸಿ ಅದರಲ್ಲೇ ಆಫೀಸಿಗೆ ಹೋಗಬೇಕೆಂಬುದು ಅವನ ಆಸೆ.

"ಮಾಮಾ, 80 ಸಿಸಿ ಕಿಟ್ ಬುಕ್ ಮಾಡ್ಲಾ, ಇಲ್ಲಾ 48 ಸಿಸಿ ಸಾಕಾ?"

"ಬ್ರೇಕ್ ಹೇಗಿದೆ?" ಎಂದೆ.

ಹೆಣ್ಣು ನೋಡಲು ಹೋದವನಿಗೆ ಅವಳ ತಾತನ ಜಾತಕ ಕೊಟ್ಟ ಹಾಗೆ ಪೆಚ್ಚಾಗಿ ನಿಂತ. ಅವನ ತಪ್ಪೇನಿಲ್ಲ. ಸೈಕಲ್ಲಿಗೆ ಎಂಜಿನ್ ಹಾಕುವ ಹುಚ್ಚು ಹತ್ತಿದವರೆಲ್ಲ ಮೊದಲು ಕೇಳುವುದು ಸಿಸಿಯನ್ನೇ. ನಾನೂ ಕೇಳಿದ್ದೆ. ನನ್ನ ಎಡ ಮೊಣಕಾಲಿನ ಮೇಲಿನ ಕಲೆ ಆ ಪ್ರಶ್ನೆಗೆ ಸಿಕ್ಕ ಉತ್ತರ. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ಮೊದಲು ಆ ಕಿಟ್ ಎಂದರೇನು ನೋಡೋಣ. ಕೊರಿಯರಿನಲ್ಲಿ ಬರುವ ರಟ್ಟಿನ ಪೆಟ್ಟಿಗೆ ಬಿಚ್ಚಿದರೆ ಒಳಗೆ ತೆಂಗಿನಕಾಯಿಗಿಂತ ತುಸು ದೊಡ್ಡದಾದ ಟೂ ಸ್ಟ್ರೋಕ್ ಎಂಜಿನ್, ಕಾರ್ಬ್ಯುರೇಟರ್, ಸೈಲೆನ್ಸರ್, ಎರಡು ಲೀಟರಿನ ಟ್ಯಾಂಕು, ಕ್ಲಚ್ ಹಿಡಿ, ತಿರುಚುವ ಆ್ಯಕ್ಸಿಲರೇಟರ್, ಸೈಕಲ್ ಚೈನಿಗಿಂತ ದಪ್ಪನೆಯ ಒಂದು ಚೈನು. ಜೊತೆಗೆ 44 ಹಲ್ಲಿನ ಸ್ಪ್ರಾಕೆಟ್, ಎರಡು ರಬ್ಬರ್ ಬಿಲ್ಲೆ, ಒಂಬತ್ತು ಬೋಲ್ಟು. ಈ ರಬ್ಬರ್ ಬಿಲ್ಲೆಗಳನ್ನು ನೆನಪಿಟ್ಟುಕೊಳ್ಳಿ. ಹಿಂಗಾಲಿಯ ಸ್ಪೋಕ್ ಕಡ್ಡಿಗಳ ಆಚೆ ಒಂದು, ಈಚೆ ಒಂದು ಬಿಲ್ಲೆ ಇಟ್ಟು, ಒಂಬತ್ತು ಬೋಲ್ಟಿನಿಂದ ಸ್ಪ್ರಾಕೆಟ್ಟನ್ನು ಬಿಗಿಯುವುದೇ ಇದರ ಜೋಡಣೆ. ಎಂಜಿನ್ನಿನ ಎಳೆತವಿಡೀ ಬೀಳುವುದು ಹಬ್ಬಿನ ಮೇಲಲ್ಲ, ಕಡ್ಡಿಗಳ ಮೇಲೆ. ಆ ಕಡ್ಡಿಗಳನ್ನು ಮಾಡಿದ್ದು ಒಬ್ಬ ಮನುಷ್ಯ ಕಾಲಿನಲ್ಲಿ ತುಳಿಯುವ ಬಲಕ್ಕೆ.

ಇನ್ನು 80 ಸಿಸಿ ಎಂಬ ಮಾತು. ಆ ಎಂಜಿನ್ನಿನ ಸಿಲಿಂಡರ್ ಒಳಅಗಲ ಸಾಮಾನ್ಯವಾಗಿ 47 ಮಿಲಿಮೀಟರ್, ಪಿಸ್ಟನ್ ಓಡುವ ದೂರ 38 ಮಿಲಿಮೀಟರ್. ಶಾಲೆಯಲ್ಲಿ ಕಲಿತ ಸಿಲಿಂಡರಿನ ಸೂತ್ರ ಹಾಕಿದರೆ ಸಿಗುವುದು 66 ಸಿಸಿ. 80 ಎಂಬುದು ಡಬ್ಬಿಯ ಮೇಲಿನ ಅಚ್ಚು ಮಾತ್ರ. 48 ಸಿಸಿಯದು ಹೆಚ್ಚುಕಡಿಮೆ ನಿಜವೇ: 40 ಮಿಲಿಮೀಟರ್ ಅಗಲ, ಅದೇ 38 ಓಟ. ಕೊಳ್ಳುವ ಮುಂಚೆ ಈ ಎರಡು ಅಳತೆ ಕೇಳಿ. ಹೇಳಲಾರದ ಅಂಗಡಿಯವನಿಂದ ಎಂಜಿನ್ ಕೊಳ್ಳಬೇಡಿ.

ವೇಗದ ಲೆಕ್ಕವೂ ಕಷ್ಟದ್ದಲ್ಲ. ಎಂಜಿನ್ ಒಳಗಿನ ಗಿಯರು ವೇಗವನ್ನು 4.1 ಪಟ್ಟು ತಗ್ಗಿಸುತ್ತದೆ. ಮುಂದಿನ 10 ಹಲ್ಲು, ಹಿಂದಿನ 44 ಹಲ್ಲು ಸೇರಿ ಇನ್ನೂ 4.4 ಪಟ್ಟು ತಗ್ಗಿಸುತ್ತವೆ. ಎಂಜಿನ್ 18 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ತಾತನ ಕಾಲದ 28 ಅಂಗುಲದ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಅಂದರೆ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಗಂಟೆಗೆ 22 ಕಿಲೋಮೀಟರ್, 4,500 ತಿರುಗುವಾಗ 33. ಇಷ್ಟಕ್ಕೆ ತೃಪ್ತಿಪಡುವವರು ಕಡಿಮೆ. ಹಿಂದಿನ ಸ್ಪ್ರಾಕೆಟ್ ಬದಲಿಸಿ 36 ಹಲ್ಲಿನದು ಹಾಕುವವರೇ ಹೆಚ್ಚು. ಅಲ್ಲಿಂದ ಕಷ್ಟ ಶುರು.

ಯಾಕೆಂದರೆ ವೇಗ ಎರಡರಷ್ಟಾದರೆ ನಿಲ್ಲಿಸಲು ಬೇಕಾದ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ಹಳೆಯ ಹರ್ಕ್ಯುಲಿಸ್ಸಿನಲ್ಲಿರುವುದು ರಾಡ್ ಬ್ರೇಕು. ಹಿಡಿ ಒತ್ತಿದರೆ ಉದ್ದನೆಯ ಕಂಬಿಗಳು ಎಳೆದು, ಬೆರಳುದ್ದದ ರಬ್ಬರ್ ತುಂಡೊಂದು ರಿಮ್ಮಿನ ಒಳಮೈಗೆ ತಾಗುತ್ತದೆ. ಆ ರಿಮ್ಮಿಗೆ ಕ್ರೋಮ್ ಲೇಪವಿದೆ. ಒಣಗಿದ್ದಾಗ ಹೇಗೋ ನಡೆಯುತ್ತದೆ. ಒದ್ದೆಯಾದರೆ ರಬ್ಬರು ಕ್ರೋಮಿನ ಮೇಲೆ ಜಾರುತ್ತದೆ. ಬ್ರೇಕ್ ಹಿಡಿದರೂ ಸೈಕಲ್ಲು ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಹಾಲಿನವರು, ಪೋಸ್ಟಿನವರು ಮಳೆಯಲ್ಲಿ ಕಾಲು ನೆಲಕ್ಕೆ ಉಜ್ಜಿ ಸೈಕಲ್ಲು ನಿಲ್ಲಿಸುತ್ತಿದ್ದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಸುರಿಯುವ ಕಾರ್ತಿಕ ಮಾಸದ ಚೆನ್ನೈಯಲ್ಲಿ, 35ರ ವೇಗದಲ್ಲಿ ಹೋಗುವ ಸೈಕಲ್ಲನ್ನು ಕಾಲು ಉಜ್ಜಿ ನಿಲ್ಲಿಸಲಾಗದು.

ಈಗ ಮೊಣಕಾಲಿನ ಕಥೆ. ನನ್ನ ಮೊದಲ ಕಿಟ್ಟೂ ಇದೇ '80 ಸಿಸಿ'. ಎರಡು ಸಂಜೆ ಕೂತು ಜೋಡಿಸಿದೆ. ಪೆಡಲ್ ತುಳಿದು ಕ್ಲಚ್ ಬಿಟ್ಟಾಗ ಎಂಜಿನ್ ಮೊದಲ ಸಲ ಕೆಮ್ಮಿ ಹತ್ತಿಕೊಂಡ ಗಳಿಗೆ ಇದೆಯಲ್ಲ, ಅದನ್ನು ಇಂದಿಗೂ ಮರೆತಿಲ್ಲ. ಆಯಿಲಿನ ನೀಲಿ ಹೊಗೆ, ಆ ವಾಸನೆ! ಅರ್ಧ ಲೀಟರ್ ಪೆಟ್ರೋಲಿಗೆ 20 ಎಂಎಲ್ ಆಯಿಲ್ ಎಂದು ಬಂಕಿನಲ್ಲಿ ಹೇಳುತ್ತಿದ್ದ ಕಾಲದವರಿಗೆ ಅದು ಅಗರಬತ್ತಿಯ ಪರಿಮಳಕ್ಕೆ ಸಮ. ಮೂರನೆಯ ದಿನ ಕಡಲತೀರದ ಕಾಮರಾಜರ್ ಸಾಲೈಯಲ್ಲಿ, ತುಂತುರು ಮಳೆಯಲ್ಲಿ, ಚೈನು ಸಡಿಲಾಯಿತು. ಅದನ್ನು ಬಿಗಿಯಾಗಿ ಹಿಡಿಯಲೆಂದು ಹಿಂದಿನ ಕಂಬಿಗೆ ತಿರುಪು ಹಾಕಿ ಕೂರಿಸುವ ಸಣ್ಣ ಚಕ್ರ ಇರುತ್ತದೆ, ಟೆನ್ಷನರ್. ಚೈನಿನ ಜಗ್ಗಾಟಕ್ಕೆ ಅದು ಕಂಬಿಯ ಮೇಲೆ ಮೆಲ್ಲಗೆ ತಿರುಗುತ್ತಾ ಬಂದು ನೇರ ಕಡ್ಡಿಗಳ ನಡುವೆ ಹೋಯಿತು. ಗಾಲಿ ಕಚ್ಚಿ ನಿಂತಿತು, ನಾನು ನಿಲ್ಲಲಿಲ್ಲ. ಐದು ಕಡ್ಡಿ ಮುರಿದವು, ಪ್ಯಾಂಟು ಹರಿಯಿತು. ಬೀದಿಬದಿಯ ಸುಂಡಲ್ ಮಾರುವಾಕೆ ನೀರು ಕೊಟ್ಟು ಕೇಳಿದ್ದು ಒಂದೇ ಮಾತು: "ಸೈಕಲ್ಲಿಗೆ ಇದೆಲ್ಲ ಯಾಕಪ್ಪಾ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಅದೇ ಪ್ರಶ್ನೆಗೆ ಒಂದಿಡೀ ಉದ್ಯಮ ಉತ್ತರ ಹುಡುಕಿದ್ದು ಚರಿತ್ರೆಯಲ್ಲಿದೆ. 1946ರಲ್ಲಿ, ಯುದ್ಧದಲ್ಲಿ ಸೋತು ಬಸವಳಿದ ಜಪಾನಿನ ಹಮಾಮತ್ಸು ಊರಿನಲ್ಲಿ ಸೊಯಿಚಿರೊ ಹೋಂಡಾ ಸೈನ್ಯದ ರೇಡಿಯೊಗಳಿಗೆ ವಿದ್ಯುತ್ ಕೊಡುತ್ತಿದ್ದ ಪುಟ್ಟ ಎಂಜಿನ್ನುಗಳನ್ನು ತಂದು ಸೈಕಲ್ಲಿಗೆ ಕಟ್ಟಿದರು. ಮೊದಲ ಮಾದರಿಗೆ ಪೆಟ್ರೋಲ್ ಟ್ಯಾಂಕು ಯಾವುದು ಗೊತ್ತೇ? ಚಳಿಗೆ ಹಾಸಿಗೆ ಬೆಚ್ಚಗಿಡಲು ಬಳಸುವ ಬಿಸಿನೀರಿನ ಡಬ್ಬಿ. ಮರುವರ್ಷ ಸ್ವಂತ ಎಂಜಿನ್ ಬಂತು. ಇನ್ನೆರಡು ವರ್ಷ ಕಳೆದು 1949ರಲ್ಲಿ, ಒತ್ತಿದ ಉಕ್ಕಿನ ಸ್ವಂತ ಚೌಕಟ್ಟಿನ 'ಡ್ರೀಮ್' ಮೋಟರ್‌ಸೈಕಲ್ ಬಂತು. ಎಂಜಿನ್ನಿನ ಬಲ ಹೆಚ್ಚಿದಂತೆ ಸೈಕಲ್ಲಿನ ಮೈ ಸಾಲದಾಯಿತು. ಆದರೂ ಕಿಟ್ಟಿನ ಮೋಹ ಅವರನ್ನು ಬಿಡಲಿಲ್ಲ. 1952ರಲ್ಲಿ ಬಿಳಿ ಟ್ಯಾಂಕು, ಕೆಂಪು ಎಂಜಿನ್ನಿನ 'ಕಬ್' ಕಿಟ್ ಬಂದಾಗ ಅವರ ಜೊತೆಗಾರ ತಕೆಯೊ ಫುಜಿಸಾವಾ ದೇಶದ 50 ಸಾವಿರಕ್ಕೂ ಹೆಚ್ಚು ಸೈಕಲ್ ಅಂಗಡಿಗಳಿಗೆ ಪತ್ರ ಬರೆದು ಅದನ್ನು ಮಾರಿದರು.

ನಮ್ಮ ಮದ್ರಾಸಿನದೂ ಇಂಥದೇ ದಾರಿ. ಹುಡುಗನ ತಾತನ ಹರ್ಕ್ಯುಲಿಸ್ ಬಂದದ್ದು ಅಂಬತ್ತೂರಿನಿಂದ. ಮುರುಗಪ್ಪ ಮನೆತನ ಇಂಗ್ಲೆಂಡಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಜೊತೆ ಸೇರಿ 1949ರಲ್ಲಿ ಹುಟ್ಟುಹಾಕಿದ ಕಂಪನಿಯದು. 1955ರಲ್ಲಿ ಎನ್‌ಫೀಲ್ಡ್ ಬಂತು, ತಿರುವೊಟ್ಟಿಯೂರಿನಲ್ಲಿ ನೆಲೆ ನಿಂತಿತು. 1980ರಲ್ಲಿ, ಕನ್ನಡ ಇಂದಿಗೂ ಕಿವಿಗೆ ಬೀಳುವ ಹೊಸೂರಿನಲ್ಲಿ, ಟಿವಿಎಸ್ 50 ಹುಟ್ಟಿತು. ಪೆಡಲ್ ಇದ್ದ ಆ ಮೊಪೆಡ್ಡನ್ನು ಒಮ್ಮೆ ನೆನಪಿಸಿಕೊಳ್ಳಿ: ಗಾಲಿ ಚಿಕ್ಕದು, ಟೈರು ದಪ್ಪ, ಬ್ರೇಕು ಡ್ರಮ್ಮಿನೊಳಗೆ. ಮೊಪೆಡ್ ಮಾಡಿದವರು ಸೈಕಲ್ಲಿಗೆ ಎಂಜಿನ್ ಸೇರಿಸಿ ಸುಮ್ಮನಾಗಲಿಲ್ಲ. ಸೈಕಲ್ಲಿನ ಗಾಲಿ, ಬ್ರೇಕು, ಮೈಕಟ್ಟು ಮೂರನ್ನೂ ಬಿಚ್ಚಿ ಹೊಸದಾಗಿ ಕಟ್ಟಿದರು. ಕಿಟ್ ಮಾರುವವನು ಆ ಕೆಲಸವನ್ನು ನಮ್ಮ ತಲೆಗೆ ಕಟ್ಟುತ್ತಾನೆ. ವ್ಯತ್ಯಾಸ ಇಷ್ಟೇ.

ಕಾನೂನಿನ ಕಡೆಗೂ ಒಂದು ಕಣ್ಣಿರಲಿ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲೇ ಒಂದು ಸಣ್ಣ ಬಾಗಿಲು ತೆರೆದಿದೆ: ನಾಲ್ಕಕ್ಕಿಂತ ಕಡಿಮೆ ಗಾಲಿ, 25 ಸಿಸಿ ಮೀರದ ಎಂಜಿನ್ ಇದ್ದರೆ ಅದು 'ಮೋಟಾರು ವಾಹನ'ವೇ ಅಲ್ಲ. 48 ಸಿಸಿ ಆಗಲಿ, 80 ಎನ್ನುವ 66 ಸಿಸಿ ಆಗಲಿ ಈ ಬಾಗಿಲಲ್ಲಿ ನುಗ್ಗುವುದಿಲ್ಲ. ಅವುಗಳಿಗೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಬೇಕು. ಮನೆಯಲ್ಲಿ ಜೋಡಿಸಿದ ಸೈಕಲ್ಲಿಗೆ ನಂಬರ್ ಪ್ಲೇಟ್ ಕೇಳಿಕೊಂಡು ಆರ್‌ಟಿಒ ಕಚೇರಿಗೆ ಹೋದರೆ ಏನಾಗುತ್ತದೆಂದು ನೀವೇ ಊಹಿಸಿ. ಬಿಎಸ್ 6 ಹೊಗೆ ನಿಯಮದ ಮುಂದಂತೂ ಆ ನೀಲಿ ಹೊಗೆಯ ಎಂಜಿನ್ ನಿಲ್ಲಲಾರದು. ಕಾಮರಾಜರ್ ಸಾಲೈಯಲ್ಲಿ ಬಿದ್ದ ದಿನ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ನನ್ನಿಂದ ಬೇರೆಯವರಿಗೆ ಪೆಟ್ಟಾಗಿದ್ದರೆ ಯಾವ ವಿಮೆಯೂ ಆಗಿಬರುತ್ತಿರಲಿಲ್ಲ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಾಗಾದರೆ 25 ಸಿಸಿಯೊಳಗೆ ಏನು ಸಿಗುತ್ತದೆ? ಮಲೆನಾಡು, ಕರಾವಳಿಯ ಓದುಗರಿಗೆ ಉತ್ತರ ಆಗಲೇ ಹೊಳೆದಿರಬೇಕು: ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್. ಅಡಿಕೆ ತೋಟಗಳಲ್ಲಿ ಹೆಗಲಿಗೇರಿಸಿ ಬೀಸುವ ಅದರ ಸದ್ದು ಕೇಳದ ಊರಿಲ್ಲ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಪುಟ್ಟ ಟೂ ಸ್ಟ್ರೋಕ್ ಎಂಜಿನ್ನನ್ನೇ ಬಳಸಿ ಅಡಿಕೆ ಮರ ಹತ್ತುವ ಬೈಕ್ ಮಾಡಿದ್ದು 2019ರಲ್ಲಿ ದೇಶವೆಲ್ಲ ನೋಡಿತು. ಎಲ್ಲರ ಕಣ್ಣು ಆ ಬೈಕ್ ಮೇಲೇರುವ ವೇಗದ ಮೇಲಿತ್ತು. ನಾನು ನೋಡಿದ್ದು ಅದರ ಬ್ರೇಕು. ಏರಿದ್ದು ಇಳಿಯಲೇಬೇಕಲ್ಲ, ಬ್ರೇಕಿಲ್ಲದ ಯಂತ್ರದಲ್ಲಿ ಅಡಿಕೆ ಮರದ ತುದಿಗೆ ಯಾರು ಹೋಗುತ್ತಾರೆ?

ಹುಲ್ಲು ಕತ್ತರಿಸುವ ಎಂಜಿನ್ನುಗಳಲ್ಲಿ ಎಚ್ಚರ ಬೇಕು. ತೋಟಗಳಲ್ಲಿ ಹೆಚ್ಚು ಕಾಣುವ ಹೋಂಡಾ ಜಿಎಕ್ಸ್ 35 ಹೆಸರೇ ಹೇಳುವಂತೆ 35.8 ಸಿಸಿ. ಹೊಲಕ್ಕೆ ಸರಿ, ರಸ್ತೆಗೆ ಗೆರೆ ದಾಟಿತು. ಅದರ ತಮ್ಮ ಜಿಎಕ್ಸ್ 25 ಮಾತ್ರ 25 ಸಿಸಿ. ಫೋರ್ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆಯಿಲ್ಲ. ಬಲ ಒಂದು ಹಾರ್ಸ್‌ಪವರ್. ಇದನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿ, ಅದರ ತುದಿಗೆ ಒಂದು ಉರುಳೆ ಹಾಕಿ ಟೈರಿಗೆ ಒತ್ತುವುದು ಅತಿ ಸರಳ ವಿಧಾನ. ಫ್ರಾನ್ಸಿನ ವೆಲೊಸೊಲೆಕ್ಸ್ 1946ರಿಂದ ಮುಂದಿನ ಗಾಲಿಯ ಮೇಲೆ ಹೀಗೆಯೇ ಉರುಳೆ ಒತ್ತಿ ಓಡಿತು. ಈ ವಿಧಾನದ ಸೊಗಸೆಂದರೆ ಕಡ್ಡಿಗೆ ಬಿಗಿಯುವ ಸ್ಪ್ರಾಕೆಟ್ಟೂ ಇಲ್ಲ, ಟೆನ್ಷನರೂ ಇಲ್ಲ. ಕೆಟ್ಟರೆ ಉರುಳೆ ಮೇಲೆತ್ತಿ ಪೆಡಲ್ ತುಳಿದುಕೊಂಡು ಮನೆಗೆ ಬರಬಹುದು. ಕೊರತೆಯೆಂದರೆ ಟೈರು ಬೇಗ ಸವೆಯುತ್ತದೆ, ಮಳೆಯಲ್ಲಿ ಉರುಳೆ ಜಾರುತ್ತದೆ. ಬೆಸೆಂಟ್ ನಗರದಂಥ ಕಡೆ ಗಾಳಿಗೆ ರಸ್ತೆಗೆ ಬಂದ ಕಡಲ ಮರಳು ಉರುಳೆಗೂ ಟೈರಿಗೂ ನಡುವೆ ಸಿಕ್ಕಿದರೆ ಅದು ಮರಳುಕಾಗದ. ಪೆಟ್ರೋಲ್ ಬೇಕೇ ಬೇಕು ಎನ್ನುವವರಿಗೆ ನನ್ನ ಶಿಫಾರಸು ಇದೇ. ಪೆಟ್ರೋಲಿನಲ್ಲಿ ಈಗ ಶೇಕಡ 20ರ ತನಕ ಎಥನಾಲ್ ಇರುತ್ತದೆ. ಎಥನಾಲಿಗೆ ಗಾಳಿಯ ತೇವ ಹೀರುವ ಗುಣವಿದೆ, ಚೆನ್ನೈ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ. ರಬ್ಬರ್ ನಳಿಕೆ ಎಥನಾಲಿಗೆ ತಾಳುವಂಥದೇ ಆಗಿರಲಿ.

ಮೂರನೆಯ ದಾರಿ ವಿದ್ಯುತ್ತಿನದು. ಹಬ್ ಮೋಟರ್ ಎನ್ನುತ್ತಾರೆ. ಗಾಲಿಯ ಗುಂಬವೇ ಮೋಟರು. ಎಂಜಿನ್ನಿನ ಹುಚ್ಚಿರುವವರು ಇದಕ್ಕೆ ಮೂಗು ಮುರಿಯುತ್ತಾರೆ. ಸದ್ದಿಲ್ಲ, ವಾಸನೆಯಿಲ್ಲ, ಕೈಗೆ ಮಸಿಯಿಲ್ಲ ಎಂದು. ನಾನೂ ಮುರಿದವನೇ. ಆದರೆ ಲೆಕ್ಕ ಕೇಳಿ. ನೆಟ್ಟಗೆ ಕೂತು ಹೋಗುವ ಸೈಕಲ್ಲು ಸಪಾಟು ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ಹೋಗಲು ಬೇಕಾದ ಬಲ ಸುಮಾರು 200 ವ್ಯಾಟ್. ಅದೇ ಸೈಕಲ್ಲು 40ರಲ್ಲಿ ಹೋಗಲು ಅದರ ಮೂರು ಪಟ್ಟಿಗೂ ಹೆಚ್ಚು ಬೇಕು, ಏಕೆಂದರೆ ಎದುರುಗಾಳಿಯ ತಡೆ ವೇಗಕ್ಕಿಂತ ಬಹಳ ಬೇಗ ಬೆಳೆಯುತ್ತದೆ. ಚೆನ್ನೈ ಎಂಥ ಊರು? ಅಂಗೈಯಂತೆ ಸಪಾಟು. ಮೈಲಾಪುರದಿಂದ ತರಮಣಿಗೆ ಹೋಗುವವನಿಗೆ ಏರೆಂದರೆ ಅಡ್ಯಾರ್ ನದಿಯ ಸೇತುವೆಯೊಂದೇ. ಸಿರ್ಸಿಯಲ್ಲೋ ಮಡಿಕೇರಿಯಲ್ಲೋ ಇರುವವರಿಗೆ ನಾನು ಈ ಮಾತು ಹೇಳುವುದಿಲ್ಲ; ಉದ್ದದ ಘಾಟಿ ಏರಿದರೆ ಪುಟ್ಟ ಹಬ್ ಮೋಟರ್ ಕಾದು ಕೈಸುಡುತ್ತದೆ. ಇಲ್ಲಿಗೆ 250 ವ್ಯಾಟ್ ಧಾರಾಳ.

ಕಾನೂನೂ ಅಲ್ಲಿಗೇ ಗೆರೆ ಎಳೆದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರಿನ ಬಲ 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದು, ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದಿದ್ದರೆ ಅದು ಮೋಟಾರು ವಾಹನವಲ್ಲ. ಆದ್ದರಿಂದ ಕೊಳ್ಳುವಾಗ ಒಪ್ಪಿಗೆಯ ಕಾಗದ ಕೇಳಿ. "ಈ ವೈರ್ ಕತ್ತರಿಸಿದರೆ 45 ಹೋಗುತ್ತೆ ಸಾರ್" ಎಂದು ಕಣ್ಣು ಮಿಟುಕಿಸುವವನ ಅಂಗಡಿಯಿಂದ ಹಾಗೆಯೇ ಇಳಿದು ಬನ್ನಿ.

ಹಬ್ ಮೋಟರಿನಲ್ಲಿ ಎರಡು ಜಾತಿ. ಒಳಗೆ ಗಿಯರ್ ಇರುವುದು ಹಗುರ, ಎರಡು ಮೂರು ಕಿಲೋ. ಬ್ಯಾಟರಿ ಮುಗಿದರೆ ಗಾಲಿ ಸಲೀಸಾಗಿ ಉರುಳುತ್ತದೆ. ಗಿಯರ್ ಇಲ್ಲದ್ದು ಭಾರ. ತುಳಿಯುವಾಗ ಅಯಸ್ಕಾಂತ ಹಿಂದಕ್ಕೆ ಜಗ್ಗಿದಂತಾಗುತ್ತದೆ. ಮೊದಲ ಕಿಟ್ಟಿಗೆ ಗಿಯರಿನದೇ ಸರಿ. 36 ವೋಲ್ಟ್, 10 ಆ್ಯಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಎಂದರೆ ಒಟ್ಟು 360 ವ್ಯಾಟ್ ಅವರ್. ಕಿಲೋಮೀಟರಿಗೆ ಹತ್ತೋ ಹನ್ನೆರಡೋ ಖರ್ಚಾದರೆ 30 ಕಿಲೋಮೀಟರ್. ತರಮಣಿಗೆ ಹೋಗಿ ಬಂದು, ಸಂಜೆ ಕಪಾಲೀಶ್ವರ ದೇವಸ್ಥಾನಕ್ಕೂ ಒಂದು ಸುತ್ತು ಹಾಕಬಹುದು. ಹಳೆಯ ಯುಪಿಎಸ್ ಬ್ಯಾಟರಿ ಮೂರು ಜೋಡಿಸಿ ಕಾಸು ಉಳಿಸೋಣ ಎಂದರೆ ಏಳು ಕಿಲೋ ಸೀಸ ಹೊತ್ತು ತಿರುಗಬೇಕು. ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ನಿಂತ ಸೈಕಲ್ಲಿನ ಬ್ಯಾಟರಿಯನ್ನು ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ನೆರಳಲ್ಲಿ ಇಟ್ಟು, ಮುಟ್ಟಿದರೆ ತಣ್ಣಗಾಗಿದೆ ಎನಿಸಿದ ಮೇಲೆ ಹಾಕಿ.

ಒಂದು ಸಣ್ಣ ಉಕ್ಕಿನ ಪಟ್ಟಿಯ ಬಗ್ಗೆ ಹೇಳದೆ ಮುಗಿಸಲಾರೆ. ಟಾರ್ಕ್ ಆರ್ಮ್ ಎನ್ನುತ್ತಾರೆ. ಹಬ್ ಮೋಟರು ಗಾಲಿಯನ್ನು ಮುಂದಕ್ಕೆ ತಿರುಗಿಸುವಾಗ ತನ್ನ ಆ್ಯಕ್ಸಲನ್ನು ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಆ್ಯಕ್ಸಲ್ ಕೂತಿರುವ ಫೋರ್ಕಿನ ಬಾಯಿ ಅದನ್ನು ತಡೆಯಬೇಕು. ಅಲ್ಯೂಮಿನಿಯಂ ಫೋರ್ಕಾದರೆ ಒಂದು ದಿನ ಆ ಬಾಯಿ ಅಗಲವಾಗಿ, ಗಾಲಿ ಕಳಚಿ, ಸವಾರ ಮೂತಿ ಕೆಳಗಾಗಿ ಬೀಳುತ್ತಾನೆ. ಟಾರ್ಕ್ ಆರ್ಮ್ ಇದನ್ನು ತಡೆಯುವ ತೋಳು. ಹೆಚ್ಚಿನ ಕಿಟ್ಟುಗಳಲ್ಲಿ ಇರುವುದಿಲ್ಲ, ಕೇಳಿ ಪಡೆಯಬೇಕು. ಒಳ್ಳೆಯ ಅಂಗಡಿಯವನನ್ನು ಗುರುತಿಸಲು ನನಗೆ ಇದೇ ಒರೆಗಲ್ಲು: ನಾನು ಕೇಳುವ ಮುಂಚೆಯೇ "ಟಾರ್ಕ್ ಆರ್ಮ್ ಹಾಕ್ಲಾ ಸಾರ್?" ಎಂದವನು ಕಸುಬು ಬಲ್ಲವನು.

ಹುಡುಗನನ್ನು ಅದೇ ದಿನ ಕರೆದುಕೊಂಡು ಹೊರಟೆ. ಎಗ್ಮೋರ್ ಬಳಿ, ಕೂವಂ ನದಿಯ ಪಕ್ಕ ಪುದುಪೇಟೆ. ಬಿಚ್ಚಿದ ಬಂಡಿಗಳ ಊರು ಅದು. ಒಂದು ಅಂಗಡಿಯಲ್ಲಿ ಬರೀ ಹೆಡ್‌ಲೈಟು, ಇನ್ನೊಂದರಲ್ಲಿ ಬರೀ ಬಾಗಿಲು, ಮೂರನೆಯದರಲ್ಲಿ ಸಾಲಾಗಿ ನೇತುಹಾಕಿದ ಸೈಲೆನ್ಸರುಗಳು. ಅಲ್ಲಿ ಕಿಟ್ ಕೊಳ್ಳಲು ಅವನನ್ನು ಕರೆದೊಯ್ದದ್ದಲ್ಲ. ಹಳೆಯ ಮೊಪೆಡ್ಡಿನ ಹಬ್ಬೊಂದನ್ನು ಕೈಗೆ ಕೊಟ್ಟು, ಒಳಗಿನ ಬ್ರೇಕ್ ಶೂ ಎಷ್ಟು ಅಗಲವಿದೆ ನೋಡು ಎಂದೆ. ಜೇಬಿನಿಂದ ಸೈಕಲ್ಲಿನ ರಬ್ಬರ್ ತುಂಡು ತೆಗೆದು ಪಕ್ಕದಲ್ಲಿಟ್ಟೆ. ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದ. ಬಹಳ ಹೊತ್ತು ಮಾತಾಡಲಿಲ್ಲ. ವಾಪಸ್ ಬರುವಾಗ "ತಾತನ ಸೈಕಲ್ ಹಾಗೇ ಇರ್ಲಿ ಮಾಮಾ" ಎಂದ.

ಈಗ ಅವನು ಅಲ್ಯೂಮಿನಿಯಂ ರಿಮ್ಮು, ಎರಡೂ ಗಾಲಿಗೆ ಡಿಸ್ಕ್ ಬ್ರೇಕು, ಉಕ್ಕಿನ ಫೋರ್ಕು ಇರುವ ಬೇರೊಂದು ಸೈಕಲ್ ನೋಡುತ್ತಿದ್ದಾನೆ. ಕಿಟ್ಟಿನ ದುಡ್ಡಿನಲ್ಲಿ ಅರ್ಧ ಅದಕ್ಕೇ ಹೋಗುತ್ತದೆಂದು ಗೊಣಗುತ್ತಿದ್ದಾನೆ. ಗೊಣಗಲಿ.

ನಿಮಗೂ ಈ ಹುಚ್ಚಿದ್ದರೆ ಒಂದು ಕೆಲಸ ಮಾಡಿ. ಭಾನುವಾರ ಬೆಳಗ್ಗೆ ಆರಕ್ಕೆ, ಬೀದಿ ಖಾಲಿಯಿರುವಾಗ, ನಿಮ್ಮ ಸೈಕಲ್ಲಿನ ಎರಡೂ ರಿಮ್ಮಿನ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಆದಷ್ಟೂ ಜೋರಾಗಿ ತುಳಿದು 25ರ ವೇಗ ಮುಟ್ಟಿಸಿ, ಬ್ರೇಕ್ ಹಿಡಿಯಿರಿ. ನಿಂತ ಜಾಗದ ತನಕ ಹೆಜ್ಜೆ ಎಣಿಸಿ. ಹತ್ತು ಹೆಜ್ಜೆಯೊಳಗೆ ನಿಂತರೆ ಕಿಟ್ ಅಂಗಡಿಗೆ ಹೋಗಿ. ಪೆಟ್ರೋಲಾದರೆ 25 ಸಿಸಿ, ವಿದ್ಯುತ್ತಾದರೆ 250 ವ್ಯಾಟ್, ಮೊದಲ ಸಲಕ್ಕೆ ಅದಕ್ಕಿಂತ ಮೇಲೆ ಬೇಡ. ನಿಲ್ಲದಿದ್ದರೆ ಆ ದುಡ್ಡನ್ನು ಬ್ರೇಕಿಗೆ ಹಾಕಿ.